ಗುದ್ದಿದ ನಾಯಿ ಎದ್ದು ಓಡಿತು, ಮತ್ತೆ ಸತ್ತದ್ದು ಹೇಗೆ? ಪುತ್ತೂರು, ಸುಳ್ಯ, ಕಡಬದಲ್ಲಿ ಪ್ರಾಣಿಗಳ ತುರ್ತು ಚಿಕಿತ್ಸೆಯ ಕೊರತೆ

ಮಾಣಿ–ಮೈಸೂರು ಹೆದ್ದಾರಿಯಲ್ಲಿ ಬೆಳಗ್ಗೆ ಬೇಗ ಹೊರಟವರಿಗೆ ರಸ್ತೆ ಬದಿಯಲ್ಲಿ ಸತ್ತು ಬಿದ್ದ ನಾಯಿ ಕಾಣುವುದು ಹೊಸತಲ್ಲ. ಪುತ್ತೂರಿನಿಂದ ಸುಳ್ಯ, ಸಂಪಾಜೆಯವರೆಗೂ ಇದೇ ಕಥೆ. ಅತ್ತ ಉಪ್ಪಿನಂಗಡಿ, ನೆಲ್ಯಾಡಿ ದಾಟಿ ಗುಂಡ್ಯಕ್ಕೆ ಹೋಗುವ ಬೆಂಗಳೂರು ಹೆದ್ದಾರಿಯಲ್ಲೂ ಹಾಗೆಯೇ. ಚತುಷ್ಪಥ ಆದಲ್ಲೆಲ್ಲ ವಾಹನಗಳ ವೇಗ ಏರಿದೆ. ನಾಯಿ ರಸ್ತೆ ದಾಟುವ ವೇಗ ಮಾತ್ರ ಮೊದಲಿನಷ್ಟೇ ಇದೆ.

ಆದರೆ ರಸ್ತೆಯಲ್ಲೇ ಸಾಯುವ ನಾಯಿಗಳು ಲೆಕ್ಕದ ಒಂದು ಭಾಗ ಮಾತ್ರ. ಇನ್ನೊಂದು ಭಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾರು ಗುದ್ದುತ್ತದೆ, ನಾಯಿ ಒಮ್ಮೆ ಕಿರುಚಿ ಉರುಳಿ ಮತ್ತೆ ಎದ್ದು ತೋಟದೊಳಗೆ ಓಡುತ್ತದೆ. "ಎಂತ ಆಗ್ಲಿಲ್ಲ ಮಾರಾಯ್ರೆ, ಓಡಿ ಹೋಯ್ತು" ಎಂದು ನೋಡಿದವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ಸಂಜೆ ಹೊತ್ತಿಗೆ ಅದು ಅನ್ನ ಮುಟ್ಟುವುದಿಲ್ಲ, ಮೂಲೆಯಲ್ಲಿ ಮಲಗುತ್ತದೆ. ಬೆಳಗ್ಗೆ ನೋಡಿದರೆ ಮೈ ತಣ್ಣಗಾಗಿರುತ್ತದೆ. ಹೊರಗೆ ಒಂದು ಹನಿ ರಕ್ತ ಇಲ್ಲ. "ಒಳಗೆ ಪೆಟ್ಟು ಬಿದ್ದಿರಬೇಕು" ಎಂಬ ಮಾತಿನೊಂದಿಗೆ ವಿಷಯ ಮುಗಿಯುತ್ತದೆ.

ಆ ಒಳಪೆಟ್ಟು ಬಹಳಷ್ಟು ಸಲ ಹೊಟ್ಟೆಯೊಳಗಿನ ರಕ್ತಸ್ರಾವ. ಗುಲ್ಮ ಅಥವಾ ಪಿತ್ತಜನಕಾಂಗ ಹರಿದು, ರಕ್ತ ಹೊರಬರಲು ದಾರಿಯಿಲ್ಲದೆ ಹೊಟ್ಟೆಯ ಪೊಳ್ಳಿನಲ್ಲೇ ತುಂಬುತ್ತದೆ. ಇದಕ್ಕೆ ಚಿಕಿತ್ಸೆ ಇದೆ, ಬಹಳ ನಾಯಿಗಳು ಬದುಕುತ್ತವೆ ಕೂಡ. ಆದರೆ ಚಿಕಿತ್ಸೆ ಗಂಟೆಗಳ ಒಳಗೆ ಸಿಗಬೇಕು. ಮೂರು ತಾಲೂಕುಗಳ ಸಮಸ್ಯೆ ಇರುವುದು ಇಲ್ಲಿಯೇ.

ಹೊಟ್ಟೆಯೊಳಗೆ ಆಗುವುದು ಎಂತ?

ನಾಯಿಯ ಮೈಯಲ್ಲಿ ಒಂದು ಕಿಲೋ ತೂಕಕ್ಕೆ ಸುಮಾರು 80ರಿಂದ 90 ಮಿಲಿ ಲೀಟರ್ ರಕ್ತ ಇರುತ್ತದೆ. ಮನೆ ಕಾಯುವ ಸಾಮಾನ್ಯ ಊರ ನಾಯಿ 15 ಕಿಲೋ ಇದೆ ಎಂದುಕೊಂಡರೆ ಒಟ್ಟು ರಕ್ತ ಒಂದೂಕಾಲು ಲೀಟರ್ ಆಸುಪಾಸು. ಇದರಲ್ಲಿ ಅರ್ಧ ಲೀಟರ್, ಅಂದರೆ ಒಂದು ಸಣ್ಣ ಹಾಲಿನ ಪ್ಯಾಕೆಟಿನಷ್ಟು ರಕ್ತ ನಾಳದಿಂದ ಹೊರಬಿದ್ದರೆ ಜೀವಕ್ಕೇ ಅಪಾಯ.

ಆ ಅರ್ಧ ಲೀಟರ್ ಕಣ್ಣಿಗೆ ಕಾಣುವುದಿಲ್ಲ. ಹೊಟ್ಟೆ ಉಬ್ಬಿದೆ ಎಂದು ಮುಟ್ಟಿ ಗೊತ್ತಾಗಬೇಕಾದರೆ ಕಿಲೋ ತೂಕಕ್ಕೆ ಸುಮಾರು 40 ಮಿಲಿ ದ್ರವ ಸೇರಿರಬೇಕು ಎಂದು ಪಶುವೈದ್ಯ ಪಠ್ಯಗಳು ಹೇಳುತ್ತವೆ. 15 ಕಿಲೋದ ನಾಯಿಗೆ ಅದು 600 ಮಿಲಿ. ಹೊಟ್ಟೆ ದೊಡ್ಡದಾಗಿದೆ ಎಂದು ಮನೆಯವರಿಗೆ ಅನ್ನಿಸುವ ಹೊತ್ತಿಗೆ ಮೈಯ ಅರ್ಧದಷ್ಟು ರಕ್ತ ಜಾಗ ಬಿಟ್ಟಿರುತ್ತದೆ. ಹೊಟ್ಟೆ ಉಬ್ಬಲಿ, ಆಮೇಲೆ ನೋಡುವ ಎಂದು ಕಾದರೆ ಕಾಲ ಮೀರಿತು ಎಂದೇ ಅರ್ಥ.

ಮೊದಲ ಗಂಟೆಗಳಲ್ಲಿ ನಾಯಿಯ ದೇಹವೇ ಮೋಸ ಮಾಡುತ್ತದೆ. ನಾಯಿಯ ಗುಲ್ಮ ರಕ್ತಕಣಗಳ ಉಗ್ರಾಣದ ಹಾಗೆ. ಆಘಾತ ಆದ ಕೂಡಲೇ ಅದು ಹಿಂಡಿಕೊಂಡು ಕೂಡಿಟ್ಟ ಕಣಗಳನ್ನು ಹೊರಗೆ ಬಿಡುತ್ತದೆ. ಹೃದಯ ಜೋರಾಗಿ ಹೊಡೆದುಕೊಳ್ಳುತ್ತದೆ, ಚರ್ಮದ ಮತ್ತು ಕಾಲಿನ ನಾಳಗಳು ಬಿಗಿಯಾಗುತ್ತವೆ. ಹಾಗಾಗಿ ನಾಯಿ ಎದ್ದು ನಿಲ್ಲುತ್ತದೆ, ಬಾಲ ಅಲ್ಲಾಡಿಸುವುದೂ ಉಂಟು. ರಕ್ತ ಪರೀಕ್ಷೆ ಮಾಡಿದರೂ ಕೆಂಪು ಕಣಗಳ ಪ್ರಮಾಣ ಸರಿಯಾಗಿಯೇ ಬರಬಹುದು. ಅನುಭವಿ ವೈದ್ಯರು ಒಂದೇ ಪರೀಕ್ಷೆಗೆ ನಿಲ್ಲದೆ ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ನೋಡುವುದು ಇದಕ್ಕಾಗಿ.

ಇದು ಎಷ್ಟು ಸಾಮಾನ್ಯ ಎಂಬುದಕ್ಕೆ ಅಮೆರಿಕದ ಒಂದು ಅಧ್ಯಯನ ಇದೆ. ವಾಹನ ಗುದ್ದಿದ 100 ನಾಯಿಗಳ ಹೊಟ್ಟೆಯನ್ನು ಆಸ್ಪತ್ರೆಗೆ ತಂದ ಕೂಡಲೇ ಅಲ್ಟ್ರಾಸೌಂಡ್ ಯಂತ್ರದಲ್ಲಿ ನೋಡಿದಾಗ 45 ನಾಯಿಗಳಲ್ಲಿ ದ್ರವ ಸೇರಿತ್ತು. ಅದರಲ್ಲಿ ಹೆಚ್ಚಿನದು ರಕ್ತ, ಎರಡರಲ್ಲಿ ಮಾತ್ರ ಮೂತ್ರಚೀಲ ಒಡೆದು ಮೂತ್ರ. 2004ರಲ್ಲಿ ಪ್ರಕಟವಾದ ಈ ಅಧ್ಯಯನದ ಬಳಿಕ ಹೊಟ್ಟೆಯ ನಾಲ್ಕು ಜಾಗಗಳಲ್ಲಿ ಕೆಲವೇ ನಿಮಿಷ ಯಂತ್ರ ಇಟ್ಟು ನೋಡುವ ಕ್ರಮ ಪ್ರಾಣಿಗಳ ತುರ್ತು ಚಿಕಿತ್ಸೆಯಲ್ಲಿ ಎಲ್ಲೆಡೆ ಬಂತು. ಇದಕ್ಕೆ ಸ್ಕ್ಯಾನಿಂಗ್ ತಜ್ಞರೇ ಬೇಕಾಗಿಲ್ಲ, ತರಬೇತಿ ಪಡೆದ ಯಾವುದೇ ಪಶುವೈದ್ಯರು ಮಾಡಬಹುದು.

ವಾಹನ ಮಾತ್ರ ಕಾರಣ ಅಲ್ಲ

ಈ ಭಾಗದಲ್ಲಿ ನಾಯಿ ಅಂದರೆ ಬರೀ ಮುದ್ದಿನ ಪ್ರಾಣಿ ಅಲ್ಲ. ಅಡಿಕೆ ತೋಟಕ್ಕೆ ಮಂಗ, ಕಾಡುಹಂದಿ ಬಂದರೆ ಮೊದಲು ಓಡುವುದು ನಾಯಿ. ಹಂದಿಯ ಕೋರೆಗೆ ಸಿಕ್ಕಿ ಹೊಟ್ಟೆ ಸೀಳಿದ ನಾಯಿಗಳನ್ನು ಸುಳ್ಯ, ಕಡಬದ ಕಾಡಂಚಿನ ಮನೆಯವರು ನೋಡಿಯೇ ಇರುತ್ತಾರೆ. ಹಂದಿಗೆ ಇಟ್ಟ ತಂತಿ ಉರುಳು ಸೊಂಟಕ್ಕೆ ಬಿಗಿಯುವುದು, ಹಟ್ಟಿಯಲ್ಲಿ ದನ ಒದೆಯುವುದು, ಯಾರೋ ಎಸೆದ ಕಲ್ಲು, ಹೊಡೆದ ದೊಣ್ಣೆ, ಇವೂ ಹೊಟ್ಟೆಯೊಳಗೆ ರಕ್ತ ಸುರಿಸುತ್ತವೆ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ವಾಹನ ಗುದ್ದಿ ಒಳಗೆ ರಕ್ತ ಸೋರಿದರೆ ಹೆಚ್ಚಿನ ನಾಯಿಗಳಿಗೆ ಆಪರೇಷನ್ ಬೇಕಾಗುವುದಿಲ್ಲ. ಸರಿಯಾದ ಆರೈಕೆ ಸಿಕ್ಕಿದರೆ ರಕ್ತ ಹೆಪ್ಪುಗಟ್ಟಿ ಸೋರಿಕೆ ನಿಲ್ಲುತ್ತದೆ, ಹೊಟ್ಟೆಯೊಳಗಿನ ರಕ್ತದ ದೊಡ್ಡ ಭಾಗವನ್ನು ದೇಹ ದಿನಗಳಲ್ಲಿ ಹಿಂದಕ್ಕೆ ಹೀರಿಕೊಳ್ಳುತ್ತದೆ. ಆದರೆ ಹಂದಿಯ ಕೋರೆ ಹೊಟ್ಟೆಯ ಗೋಡೆ ದಾಟಿ ಒಳಗೆ ಹೋಗಿದ್ದರೆ ಆಪರೇಷನ್ ಮಾಡಿ ಒಳಗೆ ನೋಡಲೇಬೇಕು. ಹೊರಗಿನ ಗಾಯ ಎಷ್ಟು ಸಣ್ಣದಿದ್ದರೂ ಒಳಗೆ ಕರುಳು ತೂತಾಗಿರಬಹುದು.

ಯಾವ ಪೆಟ್ಟೂ ಇಲ್ಲದೆ ನಾಯಿ ಬಿಳಿಚಿಕೊಂಡರೆ ಇಲಿ ಪಾಷಾಣದ ಬಗ್ಗೆ ಯೋಚಿಸಬೇಕು. ಅಂಗಡಿಗಳಲ್ಲಿ ಕೇಕಿನ ರೂಪದಲ್ಲಿ ಸಿಗುವ ಬ್ರೊಮಾಡಿಯೋಲೋನ್ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ. ತಿಂದ ದಿನ ನಾಯಿಗೆ ಏನೂ ಆಗುವುದಿಲ್ಲ. ಮೂರರಿಂದ ಐದು ದಿನ ಕಳೆದ ಮೇಲೆ ಎದೆ, ಹೊಟ್ಟೆಯೊಳಗೆ ರಕ್ತ ಸುರಿಯಲು ತೊಡಗುತ್ತದೆ. ಇದಕ್ಕೆ ವಿಟಮಿನ್ ಕೆ1 ಎಂಬ ಮದ್ದು ಇದೆ, ಆದರೆ ವೈದ್ಯರಿಗೆ ವಿಷದ ಹೆಸರು ಗೊತ್ತಾಗಬೇಕು. ಇಲಿ ಮದ್ದು ಮಾರುವ ಅಂಗಡಿಯವರು "ನಾಯಿ, ಬೆಕ್ಕು ಇದ್ದರೆ ಜಾಗ್ರತೆ, ಪ್ಯಾಕೆಟ್ ಬಿಸಾಡ್ಬೇಡಿ" ಎಂದು ಹೇಳಿ ಕೊಟ್ಟರೂ ಕೆಲವು ಜೀವ ಉಳಿಯುತ್ತದೆ. ಉಣ್ಣಿ ಜ್ವರ ಬಂದ ನಾಯಿಗಳಲ್ಲೂ ರಕ್ತ ಹೆಪ್ಪುಗಟ್ಟಿಸುವ ಕಣಗಳು ಇಳಿದಿರುತ್ತವೆ. ಅಂಥ ನಾಯಿಗೆ ಸಣ್ಣ ಪೆಟ್ಟೂ ದೊಡ್ಡದಾಗುತ್ತದೆ. ಮಳೆ, ಸೆಕೆ, ಹುಲ್ಲು ಇರುವ ಕರಾವಳಿಯಲ್ಲಿ ಉಣ್ಣಿಗೆ ಬರ ಇಲ್ಲ.

ದೂರದ ಲೆಕ್ಕ

ಸುಳ್ಯದಿಂದ ಪುತ್ತೂರು ಸುಮಾರು 35 ಕಿ.ಮೀ., ಪುತ್ತೂರಿನಿಂದ ಮಂಗಳೂರು ಸುಮಾರು 50 ಕಿ.ಮೀ. ಸುಬ್ರಹ್ಮಣ್ಯದಿಂದ ಹೊರಟರೆ ಮಂಗಳೂರು 100 ಕಿ.ಮೀ. ಮೇಲಾಗುತ್ತದೆ. ಹಗಲು ಟ್ರಾಫಿಕ್ಕು, ಕಾಮಗಾರಿ, ಮಳೆ ಎಲ್ಲ ಸೇರಿ ಸುಳ್ಯದವರಿಗೆ ಎರಡು ಗಂಟೆ, ಸುಬ್ರಹ್ಮಣ್ಯ ಕಡೆಯವರಿಗೆ ಇನ್ನೂ ಹೆಚ್ಚು ಹಿಡಿಯುತ್ತದೆ. ಅದಕ್ಕೆ ಮೊದಲು ಯಾರಿಗೆ ಫೋನ್ ಮಾಡುವುದು ಎಂದು ಯೋಚಿಸಲು, ಬಾಡಿಗೆ ವಾಹನ ಹುಡುಕಲು ಒಂದು ಗಂಟೆ ಹೋಗಿರುತ್ತದೆ. ಹೊಟ್ಟೆಯೊಳಗೆ ಸೋರುತ್ತಿರುವ ರಕ್ತ ಈ ಮೂರು ಗಂಟೆ ಕಾಯುವುದಿಲ್ಲ.

"ಮಂಗಳೂರಿಗೆ ಕೊಂಡೋಗಿ" ಎನ್ನುವುದು ಸುಲಭದ ಸಲಹೆ. ಆದರೆ ಡ್ರಿಪ್ ಹಾಕದೆ, ನೋವಿಗೆ ಮದ್ದು ಕೊಡದೆ, ರಿಕ್ಷಾದ ಹಿಂದಿನ ಸೀಟಿನಲ್ಲಿ ಎರಡು ಗಂಟೆ ಕುಲುಕಾಡಿದ ನಾಯಿಗೆ ದಾರಿಯಲ್ಲೇ ಹೆಪ್ಪು ಕಿತ್ತು ಮತ್ತೆ ರಕ್ತ ಹರಿಯಬಹುದು. ಮನುಷ್ಯರ ಅಪಘಾತದಲ್ಲಿ ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಸ್ಥಿರ ಮಾಡಿ, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುವ ಕ್ರಮ ಇದೆಯಲ್ಲ, ಅದೇ ಕ್ರಮ ಇಲ್ಲಿಗೂ ಬೇಕು.

ಇರುವ ವ್ಯವಸ್ಥೆ ಎಂತದ್ದು?

ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ತಾಲೂಕು ಪಶು ಆಸ್ಪತ್ರೆಗಳು, ಹಳ್ಳಿ ಕಡೆ ಚಿಕಿತ್ಸಾಲಯಗಳು ಇವೆ. ಹೈನುಗಾರರ ದನಗಳಿಗೆ ದಕ್ಷಿಣ ಕನ್ನಡ ಸಹಕಾರಿ ಹಾಲು ಒಕ್ಕೂಟದ ಪಶುವೈದ್ಯರೂ ಸಿಗುತ್ತಾರೆ. ಇದೆಲ್ಲ ಕಟ್ಟಿದ್ದು ಜಾನುವಾರು ಲೆಕ್ಕದಲ್ಲಿ, ಅದು ತಪ್ಪೂ ಅಲ್ಲ. ಆದರೆ ಈ ವ್ಯವಸ್ಥೆ ಹಗಲಿನ ಕಚೇರಿ ಸಮಯಕ್ಕೆ ಹೊಂದಿಕೊಂಡಿದೆ. ಒಬ್ಬರೇ ವೈದ್ಯರು ಎರಡು ಮೂರು ಕಡೆ ಪ್ರಭಾರ ನೋಡಿಕೊಳ್ಳುವ ಪರಿಸ್ಥಿತಿ ರಾಜ್ಯದ ಬಹಳ ಕಡೆ ಇದೆ. ವೈದ್ಯರು ಹಟ್ಟಿಗೆ ಹೋಗಿದ್ದಾಗ ಆಸ್ಪತ್ರೆಗೆ ಬಂದ ನಾಯಿ ಕಾಯಬೇಕು.

1962 ಸಹಾಯವಾಣಿ ಇನ್ನೊಂದು ದಾರಿ. ಕೇಂದ್ರದ ಯೋಜನೆಯಡಿ ಸಂಚಾರಿ ಪಶು ಚಿಕಿತ್ಸಾ ವಾಹನಗಳು ರಾಜ್ಯದಲ್ಲಿ 2022ರಿಂದ ತಾಲೂಕುಗಳಿಗೆ ಬಂದವು. ಒಂದು ಲಕ್ಷ ಜಾನುವಾರಿಗೆ ಒಂದು ವಾಹನ ಎಂಬುದು ಯೋಜನೆಯ ಲೆಕ್ಕ. ಒಬ್ಬರು ಪಶುವೈದ್ಯರು, ಒಬ್ಬ ಸಹಾಯಕ, ಒಬ್ಬ ಚಾಲಕ ಅದರಲ್ಲಿ ಇರುತ್ತಾರೆ. ದನ ಕರು ಹಾಕಲು ಕಷ್ಟಪಟ್ಟಾಗ, ಹೊಟ್ಟೆ ಉಬ್ಬರಿಸಿದಾಗ ಮನೆ ಬಾಗಿಲಿಗೆ ಬರುವ ಸೇವೆ ಇದು. ಹಗಲಲ್ಲಿ ನಾಯಿಗೆ ಅಪಘಾತ ಆದರೂ ಮೊದಲು 1962ಕ್ಕೆ ಕರೆ ಮಾಡಿ ಕೇಳುವುದರಲ್ಲಿ ನಷ್ಟ ಇಲ್ಲ. ಆದರೆ ಮೂಲತಃ ಜಾನುವಾರಿಗಾಗಿ, ಹಗಲು ಹೊತ್ತಿನ ಓಡಾಟಕ್ಕಾಗಿ ರೂಪಿಸಿದ ವಾಹನ ರಾತ್ರಿ ಹತ್ತು ಗಂಟೆಯ ಅಪಘಾತಕ್ಕೆ ಉತ್ತರ ಆಗುವುದಿಲ್ಲ. ನಾಯಿಗಳಿಗೆ ವಾಹನ ಗುದ್ದುವುದು ಹೆಚ್ಚಾಗಿ ಕತ್ತಲಾದ ಮೇಲೆ, ಸರಪಳಿ ಬಿಚ್ಚಿ ಬಿಟ್ಟ ಹೊತ್ತಿನಲ್ಲಿ.

ಮೂರನೆಯದು ಕೊಯಿಲ. ಉಪ್ಪಿನಂಗಡಿ–ಕಡಬ ರಸ್ತೆಯ ಕೊಯಿಲದಲ್ಲಿ, ಸರಕಾರಿ ಜಾನುವಾರು ಫಾರ್ಮಿನ ಜಾಗದಲ್ಲಿ ಪಶುವೈದ್ಯಕೀಯ ಕಾಲೇಜಿನ ಘೋಷಣೆಯಾಗಿ ಹತ್ತು ವರ್ಷ ದಾಟಿದೆ. ಕಟ್ಟಡ, ಅನುದಾನ, ಸಿಬ್ಬಂದಿ ಎಂದು ಆ ಯೋಜನೆ ಎಳೆದುಕೊಂಡು ಹೋದದ್ದು ಊರವರಿಗೆಲ್ಲ ಗೊತ್ತು. ಪಶುವೈದ್ಯಕೀಯ ಕಾಲೇಜು ಅಂದರೆ ಬರೀ ತರಗತಿ ಕೋಣೆಗಳಲ್ಲ. ಭಾರತೀಯ ಪಶುವೈದ್ಯಕೀಯ ಪರಿಷತ್ತಿನ ನಿಯಮದಂತೆ ಅದಕ್ಕೆ ಬೋಧನಾ ಆಸ್ಪತ್ರೆ ಇರಲೇಬೇಕು. ಸರ್ಜನ್, ಎಕ್ಸ್‌ರೇ, ಸ್ಕ್ಯಾನಿಂಗ್, ಲ್ಯಾಬ್, ತರಬೇತಿಯಲ್ಲಿರುವ ಯುವ ವೈದ್ಯರು, ಎಲ್ಲ ಒಂದೇ ಕಡೆ. ಪುತ್ತೂರು, ಸುಳ್ಯ, ಕಡಬ, ಬೆಳ್ತಂಗಡಿ ನಾಲ್ಕಕ್ಕೂ ಮಂಗಳೂರಿಗಿಂತ ಹತ್ತಿರ. ಈಗ ಇಂಥ ಬೋಧನಾ ಆಸ್ಪತ್ರೆ ಬೇಕೆಂದರೆ ಘಟ್ಟ ಹತ್ತಿ ಹಾಸನಕ್ಕೋ ಶಿವಮೊಗ್ಗಕ್ಕೋ ಬೆಂಗಳೂರಿನ ಹೆಬ್ಬಾಳಕ್ಕೋ ಹೋಗಬೇಕು. ಕಾಲೇಜು ಯಾವಾಗ ಎಂದು ಕೇಳುವವರು ಅದರ ಆಸ್ಪತ್ರೆ ದಿನದ 24 ಗಂಟೆ ತೆರೆದಿರುತ್ತದೆಯೇ ಎಂದೂ ಈಗಲೇ ಕೇಳಬೇಕು. ಹತ್ತರಿಂದ ಐದರವರೆಗಿನ ಇನ್ನೊಂದು ಒಪಿಡಿ ಬಂದರೆ ರಾತ್ರಿಯ ಸಮಸ್ಯೆ ಹಾಗೆಯೇ ಉಳಿಯುತ್ತದೆ.

ತಾಲೂಕಿನಲ್ಲೇ ಆಗಬಹುದಾದ್ದು

ಹೊಟ್ಟೆಯ ರಕ್ತಸ್ರಾವ ಅಂದ ಕೂಡಲೇ ದೊಡ್ಡ ಆಪರೇಷನ್ ಥಿಯೇಟರ್ ನೆನಪಾಗುತ್ತದೆ. ಆದರೆ ಮೊದಲ ಎರಡು ಗಂಟೆಯ ಚಿಕಿತ್ಸೆಗೆ ಬೇಕಾದ ಸಾಮಾನು ಅಷ್ಟು ದೊಡ್ಡದಲ್ಲ.

ಮೊದಲನೆಯದು ಆಮ್ಲಜನಕ. ಕೋವಿಡ್ ಎರಡನೇ ಅಲೆಯ ಹೊತ್ತಿಗೆ, 2021ರಲ್ಲಿ, ದಾನಿಗಳೂ ಸಂಘ ಸಂಸ್ಥೆಗಳೂ ಕೊಟ್ಟ ಆಕ್ಸಿಜನ್ ಕಾನ್ಸೆಂಟ್ರೇಟರ್‌ಗಳು ಬಹಳ ಕಡೆ ಬಳಕೆ ಇಲ್ಲದೆ ಕೂತಿವೆ. ಅಂಥ ಒಂದು ಯಂತ್ರ ಪಶು ಆಸ್ಪತ್ರೆಗೆ ಸಾಕಾಗುತ್ತದೆ. ಎರಡನೆಯದು ರಿಂಗರ್ ಲ್ಯಾಕ್ಟೇಟ್ ಡ್ರಿಪ್. ದನಗಳಿಗಾಗಿ ಪಶುವೈದ್ಯರ ಬಳಿ ಹೇಗೂ ಇರುತ್ತದೆ. ಇದರಲ್ಲಿ ಕ್ರಮ ಬದಲಾಗಿದೆ. ಹಿಂದೆ ಶಾಕ್ ಆದ ನಾಯಿಗೆ ಬಾಟಲಿಗಟ್ಟಲೆ ಒಮ್ಮೆಲೇ ಏರಿಸುತ್ತಿದ್ದರು. ಈಗ ಕಿಲೋಗೆ 10ರಿಂದ 20 ಮಿಲಿಯಂತೆ ಸ್ವಲ್ಪ ಸ್ವಲ್ಪ ಕೊಟ್ಟು, ನಾಡಿ ನೋಡಿ, ಮತ್ತೆ ಕೊಡುತ್ತಾರೆ. ಒತ್ತಡ ಒಮ್ಮೆಲೇ ಏರಿದರೆ ಕಟ್ಟಿದ ಹೆಪ್ಪು ಕಿತ್ತು ಹೋಗುತ್ತದೆ, ರಕ್ತ ತೆಳುವಾಗುತ್ತದೆ. 15 ಕಿಲೋ ನಾಯಿಗೆ ಮೊದಲ ಸುತ್ತಿಗೆ 150ರಿಂದ 300 ಮಿಲಿ ಸಾಕು.

ಮೂರನೆಯದು ನೋವಿನ ಮದ್ದು ಮತ್ತು ಟ್ರಾನೆಕ್ಸಾಮಿಕ್ ಆಸಿಡ್. ಎರಡನೆಯದು ಹೆಪ್ಪು ಕರಗದಂತೆ ತಡೆಯುವ ಇಂಜೆಕ್ಷನ್. ಹೆರಿಗೆಯ ರಕ್ತಸ್ರಾವಕ್ಕೆ ಬಳಸುವುದರಿಂದ ಸಾಮಾನ್ಯ ಮೆಡಿಕಲ್‌ಗಳಲ್ಲಿ ಸಿಗುತ್ತದೆ, ದುಬಾರಿಯೂ ಅಲ್ಲ. ನಾಯಿಗೆ ಎಷ್ಟು, ಹೇಗೆ ಎಂಬುದು ವೈದ್ಯರ ತೀರ್ಮಾನ. ಬೇಗ ಚುಚ್ಚಿದರೆ ವಾಂತಿ ಬರುತ್ತದೆ. ನಾಲ್ಕನೆಯದು ಹೊಟ್ಟೆಗೆ ಬಿಗಿಯಾದ ಬ್ಯಾಂಡೇಜ್ ಸುತ್ತುವುದು. ಇದನ್ನು ಮನೆಯವರು ಮಾಡಬಾರದು. ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಹರಿದಿದ್ದರೆ, ಬಿಗಿದ ಬಟ್ಟೆ ಕರುಳನ್ನು ಎದೆಯೊಳಗೆ ತಳ್ಳಿ ಉಸಿರು ಕಟ್ಟಿಸಬಹುದು.

ಐದನೆಯದು ಸಣ್ಣ ಅಲ್ಟ್ರಾಸೌಂಡ್ ಯಂತ್ರ. ದನದ ಗರ್ಭ ಪರೀಕ್ಷೆಗೂ ಅದೇ ಯಂತ್ರ ಬರುತ್ತದೆ. ಅದು ಇಲ್ಲದಿದ್ದರೂ ಸೂಜಿ ಹಾಕಿ ಹೊಟ್ಟೆಯ ದ್ರವ ತೆಗೆದು ನೋಡುವ ಹಳೆಯ ವಿಧಾನ ಇದೆ. ಹೊಟ್ಟೆಯಿಂದ ತೆಗೆದ ರಕ್ತ ಗಾಜಿನ ಟ್ಯೂಬಿನಲ್ಲಿ ಹೆಪ್ಪುಗಟ್ಟದಿದ್ದರೆ ಅದು ಒಳಗೆ ಸುರಿದ ರಕ್ತ. ಹೆಪ್ಪುಗಟ್ಟಿದರೆ ಸೂಜಿ ಯಾವುದೋ ನಾಳಕ್ಕೋ ಅಂಗಕ್ಕೋ ಚುಚ್ಚಿರಬಹುದು.

ಇವಿಷ್ಟು ಸಿಕ್ಕಿ, ಒಂದು ದಿನ ನಿಗಾದಲ್ಲಿ ಇಟ್ಟರೆ ಬಹಳಷ್ಟು ನಾಯಿಗಳು ಚೇತರಿಸಿಕೊಳ್ಳುತ್ತವೆ. ಸುಧಾರಿಸದ ನಾಯಿಯನ್ನು ಮಾತ್ರ ಮುಂದೆ ಕಳಿಸಬೇಕಾಗುತ್ತದೆ. ಆ ಪ್ರಯಾಣದಲ್ಲೂ ಡ್ರಿಪ್ ಇರುತ್ತದೆ, ಅತ್ತ ಕಡೆ ವೈದ್ಯರಿಗೆ ಮೊದಲೇ ಫೋನ್ ಹೋಗಿರುತ್ತದೆ.

ನಾಯಿಗೆ ರಕ್ತ ಕೊಡುವವರು ಯಾರು?

ರಕ್ತ ತುಂಬಾ ಹೋದರೆ ಡ್ರಿಪ್ ಮಾತ್ರ ಸಾಲದು, ರಕ್ತವೇ ಬೇಕು. ಮನುಷ್ಯರ ರಕ್ತ ನಾಯಿಗೆ ಆಗುವುದಿಲ್ಲ, ನಾಯಿಯದ್ದೇ ಆಗಬೇಕು. ನಾಯಿಯಿಂದ ನಾಯಿಗೆ ರಕ್ತ ಕೊಟ್ಟು ಬದುಕಿಸಬಹುದು ಎಂದು ಇಂಗ್ಲೆಂಡಿನ ರಿಚರ್ಡ್ ಲೋವರ್ ತೋರಿಸಿದ್ದು 1665ರಲ್ಲಿ. ಮನುಷ್ಯರಿಗೆ ರಕ್ತ ಕೊಡುವ ಪ್ರಯತ್ನ ಶುರುವಾದದ್ದೇ ಅದರ ಬಳಿಕ. ಚೆನ್ನೈನ ಮದ್ರಾಸ್ ಪಶುವೈದ್ಯಕೀಯ ಕಾಲೇಜಿನಲ್ಲಿ ಪ್ರಾಣಿಗಳ ರಕ್ತನಿಧಿ ಇದೆ.

ತಾಲೂಕು ಮಟ್ಟದಲ್ಲಿ ರಕ್ತನಿಧಿ ಬೇಕಾಗಿಲ್ಲ. ಕೂಡಿಟ್ಟ ರಕ್ತ ಫ್ರಿಜ್ಜಿನಲ್ಲಿ ಒಂದು ತಿಂಗಳ ಆಸುಪಾಸು ಮಾತ್ರ ಉಳಿಯುತ್ತದೆ, ಇಲ್ಲಿ ಅಷ್ಟರಲ್ಲಿ ಹಾಳಾದೀತು. ಬೇಕಾದದ್ದು ಒಂದು ಪಟ್ಟಿ. 25 ಕಿಲೋಗಿಂತ ಹೆಚ್ಚು ತೂಕದ, ಒಂದರಿಂದ ಎಂಟು ವರ್ಷದೊಳಗಿನ, ಲಸಿಕೆ ಆದ, ಉಣ್ಣಿ ಜ್ವರ ಇಲ್ಲದ, ಶಾಂತ ಸ್ವಭಾವದ ನಾಯಿಗಳ ಪಟ್ಟಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೀಲರ್ ಸಾಕುವ ಮನೆಗಳು ಮೂರೂ ತಾಲೂಕಿನಲ್ಲಿ ಬೇಕಾದಷ್ಟಿವೆ. ಅಂಥ ನಾಯಿ ಒಮ್ಮೆಗೆ ಸುಮಾರು 450 ಮಿಲಿ ಕೊಡಬಲ್ಲದು. ಮನುಷ್ಯರ ರಕ್ತದಾನಕ್ಕೆ ಬಳಸುವ ಚೀಲವೇ ಇದಕ್ಕೂ ಆಗುತ್ತದೆ. ನಾಯಿಗಳಲ್ಲಿ ಮೊದಲ ಸಲ ರಕ್ತ ಕೊಡುವಾಗ ಗುಂಪು ಹೊಂದದೆ ತಕ್ಷಣ ತೀವ್ರ ತೊಂದರೆ ಆಗುವುದು ಅಪರೂಪ. ಸಮಯ ಇದ್ದರೆ ಗುಂಪು ನೋಡುವುದು ಒಳ್ಳೆಯದು. ಎರಡನೇ ಸಲ ಕೊಡುವುದಾದರೆ ಹೊಂದಾಣಿಕೆ ಪರೀಕ್ಷೆ ಆಗಲೇಬೇಕು. ರಕ್ತದಾನ ಶಿಬಿರ ಮಾಡುವ ಯುವಕ ಮಂಡಲಗಳಿಗೆ ಇಂಥ ಪಟ್ಟಿ ಮಾಡುವುದು ಒಂದು ಭಾನುವಾರದ ಕೆಲಸ.

"ಮನುಷ್ಯರಿಗೇ ಡಾಕ್ಟ್ರಿಲ್ಲ, ನಾಯಿಗೆ ಎಂತಕ್ಕೆ?"

ಈ ಪ್ರಶ್ನೆ ಬಂದೇ ಬರುತ್ತದೆ, ಕೇಳುವುದರಲ್ಲಿ ತಪ್ಪೂ ಇಲ್ಲ. ಉತ್ತರ ಹಟ್ಟಿಯಲ್ಲಿದೆ. ರಾತ್ರಿ ಹನ್ನೊಂದಕ್ಕೆ ದನದ ಹೊಟ್ಟೆ ಉಬ್ಬರಿಸಿದರೆ, ಕರು ಅಡ್ಡ ಸಿಕ್ಕಿಕೊಂಡರೆ, ಕರು ಹಾಕಿದ ದನ ಹಾಲು ಜ್ವರದಿಂದ ಬಿದ್ದರೆ ಬೆಳಗ್ಗೆಯವರೆಗೆ ಕಾಯಲಿಕ್ಕಾಗುವುದಿಲ್ಲ. ಒಂದು ಒಳ್ಳೆಯ ಹಾಲಿನ ದನ ಹೋದರೆ ಸಣ್ಣ ಹೈನುಗಾರನ ಮನೆಯ ಲೆಕ್ಕವೇ ತಪ್ಪುತ್ತದೆ. ರಾತ್ರಿ ಪಾಳಿಯ ವೈದ್ಯರು, ಡ್ರಿಪ್, ಸ್ಕ್ಯಾನಿಂಗ್, ಸಾಗಿಸುವ ವಾಹನ, ಇವೆಲ್ಲ ದನಕ್ಕೂ ಬೇಕಾದವು. ಹಾಗಾಗಿ ನಾಯಿಗೆ ಪ್ರತ್ಯೇಕ ಸೌಲಭ್ಯ ಕೇಳಬೇಕಾಗಿಲ್ಲ, ಪ್ರಾಣಿಗಳಿಗೆ ರಾತ್ರಿ ಚಿಕಿತ್ಸೆ ಎಂದು ಕೇಳಿದರೆ ಎರಡೂ ಸೇರುತ್ತದೆ.

ಮೂರು ತಾಲೂಕಿಗೆ ಮೂರು ರಾತ್ರಿ ಆಸ್ಪತ್ರೆ ಈಗಲೇ ಆಗಲಿಕ್ಕಿಲ್ಲ. ಆದರೆ ಮೂರೂ ತಾಲೂಕಿನ ಸರಕಾರಿ, ಒಕ್ಕೂಟದ, ಖಾಸಗಿ ಪಶುವೈದ್ಯರು ಸೇರಿ ಒಂದು ಪಾಳಿ ಪಟ್ಟಿ ಮಾಡಬಹುದು. ಇಂಥ ರಾತ್ರಿ ಇಂಥ ಜಾಗದಲ್ಲಿ ಒಬ್ಬರು ಸಿಗುತ್ತಾರೆ ಎಂದು ಊರಿಗೆ ಗೊತ್ತಿದ್ದರೆ ಅರ್ಧ ಗಲಿಬಿಲಿ ಮುಗಿಯಿತು. ರಾತ್ರಿ ಕೆಲಸಕ್ಕೆ ಶುಲ್ಕ ನಿಗದಿ ಮಾಡಿ ಬಹಿರಂಗ ಹಾಕಬೇಕು. ವೈದ್ಯರು ಪುಕ್ಕಟೆ ಎದ್ದು ಬರಬೇಕು ಎಂದು ಬಯಸುವುದು ನ್ಯಾಯ ಅಲ್ಲ.

ಬೀದಿನಾಯಿಗಳ ವಿಷಯದಲ್ಲಿ ಪುತ್ತೂರು ನಗರಸಭೆ, ಸುಳ್ಯ ಮತ್ತು ಕಡಬ ಪಟ್ಟಣ ಪಂಚಾಯತ್‌ಗಳಿಗೂ ಜವಾಬ್ದಾರಿ ಇದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಂತೆ ಸಂತಾನಹರಣ ಮತ್ತು ರೇಬೀಸ್ ಲಸಿಕೆ ಸ್ಥಳೀಯ ಸಂಸ್ಥೆಗಳ ಕೆಲಸ. ಹಿಡಿದು, ಆಪರೇಷನ್ ಮಾಡಿ, ಲಸಿಕೆ ಹಾಕಿ ಅದೇ ಜಾಗಕ್ಕೆ ಬಿಡುವ ಈ ಕ್ರಮವನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲೂ ಸಾಮಾನ್ಯವಾಗಿ ಒಪ್ಪಿದೆ. ರೇಬೀಸ್ ತಗಲಿದ ಮತ್ತು ಆಕ್ರಮಣಕಾರಿ ನಾಯಿಗಳಿಗೆ ಮಾತ್ರ ವಿನಾಯಿತಿ. ನಂತರ ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಜಾಗಗಳಿಂದ ನಾಯಿಗಳನ್ನು ತೆರವು ಮಾಡಲು ಬೇರೆ ಆದೇಶ ಬಂತು. ಇದೆಲ್ಲ ಜಾರಿಯಾಗಬೇಕಾದರೆ ಆಪರೇಷನ್ ಥಿಯೇಟರ್, ಪಂಜರ, ತರಬೇತಾದ ಸಿಬ್ಬಂದಿ ಇರುವ ಕೇಂದ್ರ ಬೇಕೇ ಬೇಕು. ಅದನ್ನು ಮಾಡುವಾಗಲೇ ಅಪಘಾತದ ನಾಯಿಗೆ ಎರಡು ಪಂಜರ, ಒಂದು ಡ್ರಿಪ್ ಸ್ಟ್ಯಾಂಡ್ ಸೇರಿಸಿದರೆ ಹೆಚ್ಚು ಖರ್ಚು ಇಲ್ಲ.

ಬೇಕೆಂದೇ ವಾಹನ ಹತ್ತಿಸುವುದು, ಹೊಡೆದು ಕಾಲು ಮುರಿಯುವುದು, ವಿಷ ಹಾಕುವುದು ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಇದಕ್ಕೆ ಐದು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶ ಇದೆ.

ಅಂಗಡಿ, ರಿಕ್ಷಾ ಸ್ಟ್ಯಾಂಡ್, ಮನೆಯವರು ತಿಳಿದಿರಬೇಕಾದ್ದು

ಅಪಘಾತ ಆದ ಜಾಗದಲ್ಲಿ ಮೊದಲು ಇರುವುದು ಗೂಡಂಗಡಿಯವರು, ರಿಕ್ಷಾದವರು. ಅವರಿಗೆ ಕೆಲವು ವಿಷಯ ಗೊತ್ತಿದ್ದರೆ ಸಾಕು.

ಮೊದಲು ಸ್ವಂತ ಜಾಗ್ರತೆ. ನೋವಾದ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಟವೆಲ್ ಅಥವಾ ಗೋಣಿ ಹೊದಿಸಿ, ಬಟ್ಟೆಯಿಂದ ಮೂತಿ ಕಟ್ಟಿ. ವಾಂತಿ ಮಾಡುತ್ತಿದ್ದರೆ ಅಥವಾ ಏದುಸಿರು ಇದ್ದರೆ ಕಟ್ಟಬಾರದು. ಕಚ್ಚಿದರೆ, ಪರಚಿದರೆ ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ರೇಬೀಸ್ ಲಸಿಕೆಗೆ ಹೋಗಬೇಕು. ನಾಯಿ ಮನೆಯದ್ದೋ ಬೀದಿಯದ್ದೋ ಎಂದು ನೋಡುತ್ತಾ ಕೂರಬಾರದು.

ಎರಡನೆಯದು ಒಸಡು ನೋಡುವುದು. ತುಟಿ ಎತ್ತಿದರೆ ಒಸಡು ಗುಲಾಬಿ ಬಣ್ಣ ಇರಬೇಕು. ಬೆರಳಲ್ಲಿ ಒತ್ತಿ ಬಿಟ್ಟರೆ ಎರಡು ಸೆಕೆಂಡಿನ ಒಳಗೆ ಬಣ್ಣ ಹಿಂದೆ ಬರಬೇಕು. ಒಸಡು ಬಿಳಿಚಿದ್ದರೆ, ಕಾಲು ತಣ್ಣಗಿದ್ದರೆ, ಮಲಗಿದಲ್ಲೇ ಉಸಿರು ನಿಮಿಷಕ್ಕೆ 40 ದಾಟಿದ್ದರೆ, ಎದೆ ಬಡಿತ ತೀರಾ ಜೋರಿದ್ದರೆ ಅದು ತುರ್ತು. ಗುದ್ದಿದ ಕೂಡಲೇ ಸರಿ ಇದ್ದ ನಾಯಿಯನ್ನೂ ಮುಂದಿನ 24 ಗಂಟೆ ಕಟ್ಟಿ ಹಾಕಿ, ಗಂಟೆಗೊಮ್ಮೆ ಒಸಡು ನೋಡಬೇಕು. ಮೂತ್ರ ಮಾಡಿತು ಎಂದ ಮಾತ್ರಕ್ಕೆ ಮೂತ್ರಚೀಲ ಒಡೆದಿಲ್ಲ ಎಂದು ಹೇಳಲಿಕ್ಕಾಗುವುದಿಲ್ಲ.

ಮೂರನೆಯದು ಮಾಡಬಾರದ್ದು. ಬಾಯಿಗೆ ನೀರು ಹೊಯ್ಯಬಾರದು. ಬಿದ್ದ ನಾಯಿಗೆ ನೀರು ಕುಡಿಸುವುದು ಪುಣ್ಯದ ಕೆಲಸ ಎಂದು ಎಲ್ಲರೂ ಮಾಡುತ್ತಾರೆ, ಆದರೆ ಪ್ರಜ್ಞೆ ಮಂದವಾದ ನಾಯಿಗೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಅನ್ನ, ಹಾಲು ಕೂಡ ಬೇಡ, ಆಪರೇಷನ್ ಬೇಕಾದರೆ ತೊಂದರೆ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡಲೇಬಾರದು. ಕಾಲು ಹಿಡಿದು ನೇತಾಡಿಸಿ ಎತ್ತಬಾರದು. ಕರುಳು ಹೊರಗೆ ಬಂದಿದ್ದರೆ ಒಳಗೆ ತುರುಕಬಾರದು, ಶುದ್ಧ ಬಟ್ಟೆ ಒದ್ದೆ ಮಾಡಿ ಮುಚ್ಚಬೇಕು. ಹೊರಗೆ ರಕ್ತ ಸುರಿಯುತ್ತಿದ್ದರೆ ಬಟ್ಟೆ ಮಡಚಿ ಐದು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ನಡುನಡುವೆ ತೆಗೆದು ನೋಡಬಾರದು.

ನಾಲ್ಕನೆಯದು ಸಾಗಾಟ. ಹಲಗೆ, ಪ್ಲೈವುಡ್ ತುಂಡು ಅಥವಾ ಬಿಗಿಯಾಗಿ ಹಿಡಿದ ಗೋಣಿ ಮೇಲೆ ಮಗ್ಗುಲಾಗಿ ಮಲಗಿಸಿ, ಬೆಚ್ಚಗೆ ಹೊದಿಸಿ, ಅಲ್ಲಾಡದಂತೆ ಕೊಂಡೊಯ್ಯಬೇಕು. ಹೊರಡುವ ಮೊದಲೇ ವೈದ್ಯರಿಗೆ ಫೋನ್ ಮಾಡಬೇಕು. ಬಾಗಿಲು ಮುಚ್ಚಿದ ಆಸ್ಪತ್ರೆಯ ಎದುರು ಕಾಯುವಷ್ಟು ಸಮಯ ನಾಯಿಗೆ ಇರುವುದಿಲ್ಲ.

ಎಲ್ಲ ಮಾಡಿದರೂ ಎಲ್ಲ ನಾಯಿಗಳು ಉಳಿಯುವುದಿಲ್ಲ. ಬೆನ್ನು ಮುರಿದು, ರಕ್ತ ನಿಲ್ಲದೆ ನರಳುವ ಪ್ರಾಣಿಗೆ ನೋವಿಲ್ಲದ ಕೊನೆ ಕೊಡುವುದೂ ವೈದ್ಯರ ಕೆಲಸವೇ. ಅದಕ್ಕೂ ಆ ಹೊತ್ತಿಗೆ ಒಬ್ಬ ವೈದ್ಯರು ಸಿಗಬೇಕು.

ಮುಂದೆ?

ತಡೆಯುವುದು ಚಿಕಿತ್ಸೆಗಿಂತ ಅಗ್ಗ. ಕೋಳಿ ಅಂಗಡಿ, ಹೋಟೆಲುಗಳ ತ್ಯಾಜ್ಯ ಹೆದ್ದಾರಿ ಬದಿಗೆ ಬಿದ್ದರೆ ನಾಯಿಗಳು ಅಲ್ಲಿಗೇ ಬರುತ್ತವೆ, ಬೈಕಿನವರೂ ಅಲ್ಲಿಯೇ ಬೀಳುತ್ತಾರೆ. ರಾತ್ರಿ ಬಿಡುವ ಮನೆನಾಯಿಗೆ ಬೆಳಕು ಹೊಳೆಯುವ ಪಟ್ಟಿ ಕಟ್ಟಿದರೆ ಚಾಲಕನಿಗೆ ದೂರದಿಂದ ಕಾಣುತ್ತದೆ. ಸಂತಾನಹರಣ ಮಾಡಿಸಿದ ಗಂಡು ನಾಯಿ ಹೆಣ್ಣು ನಾಯಿಯ ಹಿಂದೆ ರಸ್ತೆಗೆ ಓಡುವುದು ಕಡಿಮೆ.

ಉಳಿದದ್ದು ಕೇಳಿ ಪಡೆಯಬೇಕಾದ್ದು. ಗ್ರಾಮಸಭೆಯಲ್ಲಿ, ತಾಲೂಕು ಪಂಚಾಯತ್‌ನ ಕೆಡಿಪಿ ಸಭೆಯಲ್ಲಿ ಪಶುಪಾಲನಾ ಇಲಾಖೆಯ ವರದಿ ಬಂದಾಗ ಲಸಿಕೆ ಎಷ್ಟಾಯಿತು ಎಂಬ ಲೆಕ್ಕಕ್ಕೆ ಮಾತು ಮುಗಿಯುತ್ತದೆ. ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಸ್ಪಷ್ಟ. ರಾತ್ರಿ ಯಾರು ಸಿಗುತ್ತಾರೆ? 1962ರ ವಾಹನ ನಾಯಿಗೂ ಬರುತ್ತದೆಯೇ, ಯಾವ ಹೊತ್ತಿನವರೆಗೆ? ತಾಲೂಕು ಆಸ್ಪತ್ರೆಯಲ್ಲಿ ಆಮ್ಲಜನಕ, ಸ್ಕ್ಯಾನಿಂಗ್ ಇದೆಯೇ? ಖಾಲಿ ಹುದ್ದೆ ಎಷ್ಟು? ಕೊಯಿಲದ ಆಸ್ಪತ್ರೆ ರಾತ್ರಿ ತೆರೆದಿರುತ್ತದೆಯೇ? ವರ್ತಕರ ಸಂಘಗಳು ಉತ್ತರವನ್ನು ಒಂದು ಹಾಳೆಯಲ್ಲಿ ಬರೆಸಿ ಅಂಗಡಿ, ಪೆಟ್ರೋಲ್ ಪಂಪ್, ರಿಕ್ಷಾ ಸ್ಟ್ಯಾಂಡಿನಲ್ಲಿ ಅಂಟಿಸಿದರೆ, ಮುಂದಿನ ಸಲ ನಾಯಿಗೆ ಪೆಟ್ಟಾದಾಗ ಫೋನ್ ನಂಬರ್ ಹುಡುಕುತ್ತಾ ಒಂದು ಗಂಟೆ ಕಳೆಯಬೇಕಾಗಿಲ್ಲ.